ನೀರು ಹೋಗದೆಯೂ ಇಳಿದ ಒತ್ತಡ

13-2-2025, ಗುರುವಾರ

ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಮಾರೇಶನ ಗ್ರಾಫ್ ನಿನ್ನೆಯಿಂದ ತಲೆ ತಿನ್ನುತ್ತಿದೆ. ಅಷ್ಟು ಚೆಂದ ಯಾವುದೂ ಹೊಂದುವುದಿಲ್ಲ.

ಬೆಳಿಗ್ಗೆ ವಗ್ಗರಣಿಗೆ ನೆನೆಸಿದ ಮಂಡಕ್ಕಿ ಹಿಂಡುತ್ತಿದ್ದೆ. "ಮೆಲ್ಲಕ ಹಿಂಡು, ಮುದ್ದಿ ಆಗತೈತಿ," ಎಂದು ಅವ್ವ ಗದರಿದಳು. ಬೆರಳ ಸಂದಿಯಿಂದ ನೀರು ತನ್ನ ಪಾಡಿಗೆ ಜಿನುಗಿತು. ಮಂಡಿಯೊಳಗಿನ ಮೃದ್ವಸ್ಥಿಯೂ ಹೀಗೇ. ಒತ್ತಿ ಹಿಡಿದರೆ, ಒಳಗಿನ ನೀರು ಹೊರಬಂದ ಹಾಗೆಲ್ಲ ಒತ್ತಡ ಇಳಿಯಬೇಕು. ಎರಡು ವರ್ಷದಿಂದ ನಾನೂ ಮಾರೇಶನೂ ಕಂಪ್ಯೂಟರಿನಲ್ಲಿ ಕಟ್ಟುತ್ತಿರುವ ಮಾದರಿ ಅದೇ. ಅದಕ್ಕೆ ನಾವು ಬಳಸುವ ಎಕ್ಸ್‌ಪ್ಲಿಸಿಟ್ ಎಂಬ ಲೆಕ್ಕ ಕಾಲವನ್ನು ಚೂರುಚೂರು ಮಾಡಿ ಎಣಿಸುತ್ತದೆ, ಒಮ್ಮೆ ಓಡಿಸಿದರೆ ಮುಗಿಯಲು ದಿನಗಟ್ಟಲೆ ಬೇಕು. ಮಾರೇಶ ನಿನ್ನೆ ಬೆಳಿಗ್ಗೆ ಓಡಿಸಿದ್ದು ಮಧ್ಯಾಹ್ನದೊಳಗೇ ಮುಗಿದಿತ್ತು. "ಅಕ್ಕಾ, ಪ್ರಯೋಗದ ಗೆರಿ ಮ್ಯಾಲೆ ನಮ್ಮ ಗೆರಿ ಕುಂತೈತಿ! ಇನ್ನ ಜರ್ನಲ್‌ಗೆ ಪೇಪರ್ ಕಳಿಸಿಬಿಡ್ರಿ," ಎಂದು ಕುಣಿದಾಡಿದ. ಪೇಪರಿನಲ್ಲಿ ಮೊದಲ ಹೆಸರು ನನ್ನದು.

ಇವತ್ತು ಅವನಿಗೆ ಹೇಳದೆ, ಅವನು ಓಡಿಸಿದ ಫೈಲನ್ನೇ ತೆರೆದು, ಮಾದರಿಯಲ್ಲಿ ನೀರು ಹೊರಹೋಗುವ ದಾರಿಯನ್ನೇ ಪೂರ್ತಿ ಮುಚ್ಚಿ ಓಡಿಸಿದೆ. ಒತ್ತಡ ಇಳಿಯಲೇಬಾರದಿತ್ತು. ಇಳಿಯಿತು, ಅದೇ ಗೆರೆ. ಹಾಗಾದರೆ ಇಳಿಸುತ್ತಿರುವುದು ನೀರಲ್ಲ. ಗೆರೆ ಹೊಂದಲೆಂದೇ ಯಾರೋ ಒಳಗೆ ಏನೋ ಸೇರಿಸಿದ್ದಾರೆ. ಯಾರೋ ಅಂತೆ! ಆ ಫೈಲು ಮುಟ್ಟುವವರು ನಾವಿಬ್ಬರೇ.

ಗೊತ್ತಾಗದೆ ಆಗಿರಬಹುದು ಎಂದು ಮನಸ್ಸು ಇನ್ನೂ ಅವನ ಪರ ವಾದಿಸುತ್ತಲೇ ಇತ್ತು. ಸಂಜೆ ಬಸ್ ಸ್ಟಾಪಿನಲ್ಲಿ ಕಾರಣ ಹೇಳದೆ ಇಷ್ಟೇ ಅಂದೆ, "ಮಾರೇಶ, ಪೇಪರ್ ನಾ ಕಳಿಸಾಂಗಿಲ್ಲ."

"ಆತ್ ಬಿಡಕ್ಕಾ," ಎಂದು ತನ್ನೂರು ಮೋಕದ ಬಸ್ ಹತ್ತಿಬಿಟ್ಟ.

ಯಾಕೆ ಎಂದು ಕೇಳಲಿಲ್ಲ.