ಕಣ್ಣೆಂಜಲು

ಕ್ರಿ.ಶ. 2319, ಹದಿಮೂರನೆಯ ತಿಂಗಳು, ಹುಣ್ಣಿಮೆಯ ಮರುದಿನ
ಗಣಿಯೂರು, ಎರಡನೆಯ ನೆಲೆ

ಹಿಂದಿನ ಕಾಲದವರೇ,

ತಾರೀಖು ನೋಡಿ ನಗಬೇಡಿ. ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಇವತ್ತು ನಡೆದದ್ದನ್ನು ನಿಮಗೆ ಹೇಳಲೇಬೇಕು. ಬರೆದ ಅಕ್ಷರ ಬರೆದ ಜಾಗದಲ್ಲೇ ಇರಲಿ ಎಂದು ಹಳೆಯ ಪಂಚೆಯೊಂದರ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದೇನೆ.

ನಾವಿರುವುದು ಕೋಲಾರದ ಹಳೆಯ ಚಿನ್ನದ ಸುರಂಗಗಳಲ್ಲಿ. ತೀರಾ ಆಳಕ್ಕೆ ಹೋದರೆ ಕಲ್ಲೇ ಬಿಸಿ, ಮೇಲೆ ಹೋದರೆ ಬಿಸಿಲು ಸುಡುತ್ತದೆ. ನಡುವಿನ ಎರಡು ನೆಲೆಗಳಲ್ಲಿ ಅಣಬೆ ಬೆಳೆದುಕೊಂಡು, ಮುದ್ದೆ ತಿಂದುಕೊಂಡು ತಂಪಾಗಿದ್ದೇವೆ. ನಮ್ಮ ದೀಪ, ಗಾಳಿ ಎಲ್ಲವೂ ಮೇಲಿನ ಬಿಸಿಲುಹಲಗೆಗಳಿಂದ ಬರುತ್ತವೆ. ಅವುಗಳ ಧೂಳು ಒರೆಸಲು ಕೆಲವರು ಮೇಲೆಯೇ ಇರುತ್ತಾರೆ, ಹಗಲು ಮಲಗಿ ರಾತ್ರಿ ದುಡಿಯುತ್ತಾರೆ. ನನ್ನ ಮಗಳು ಯಾಮಿನಿ ಅವರಲ್ಲಿ ಒಬ್ಬಳು. ಆಗೀಗ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಕೆಳಗೆ ಬರುತ್ತಾಳೆ.

ನಾವು ಓದುವುದೆಲ್ಲ ನೋಟಹಾಳೆಯಲ್ಲಿ. ಅದು ಏನೆಂದು ಹೇಳಬೇಕಾದರೆ ಮೊದಲು ಕಣ್ಣಿನ ವಿಷಯ ಹೇಳಬೇಕು. ಓದುವಾಗ ಕಣ್ಣು ಸಾಲಿನ ಮೇಲೆ ಹರಿಯುವುದಿಲ್ಲ, ಕುಪ್ಪಳಿಸುತ್ತದೆ. ಹಾರುವ ಆ ಗಳಿಗೆಯಲ್ಲಿ ನಾವು ಹೆಚ್ಚುಕಡಿಮೆ ಕುರುಡರು. ಕುರುಡಾಗಿದ್ದೆವೆಂಬುದೂ ನಮಗೆ ತಿಳಿಯುವುದಿಲ್ಲ. ನಂಬಿಕೆ ಬಾರದಿದ್ದರೆ ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನೂ ಬಲಗಣ್ಣನ್ನೂ ಸರದಿಯಲ್ಲಿ ನೋಡಿ. ಕಣ್ಣು ಸರಿದದ್ದು ನಿಮಗೆ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ. ನೋಟಹಾಳೆ ಈ ಕುರುಡು ಗಳಿಗೆಯಲ್ಲೇ ಕೆಲಸ ಮಾಡುತ್ತದೆ. ಕಣ್ಣು ಎಲ್ಲಿ ಇಳಿಯುವುದೋ ಅಲ್ಲಿ ಮಾತ್ರ ಅಕ್ಷರವನ್ನು ಸ್ಪಷ್ಟವಾಗಿ ಬರೆದು, ಉಳಿದದ್ದನ್ನು ಮಸುಕಾಗಿಟ್ಟು ವಿದ್ಯುತ್ ಉಳಿಸುತ್ತದೆ. ಈ ಉಪಾಯ ಮೊದಲು ಹೊಳೆದದ್ದು ನಿಮ್ಮ ಕಾಲದ ಪ್ರಯೋಗಶಾಲೆಗಳಲ್ಲಿ. ಅದಕ್ಕೇ ಈ ಕಾಗದ ನಿಮಗೆ.

ಒಬ್ಬರು ಓದುತ್ತಿರುವ ಹಾಳೆಯನ್ನು ಇನ್ನೊಬ್ಬರು ನೋಡುವುದು ನಮ್ಮಲ್ಲಿ ಕಣ್ಣೆಂಜಲು. ಬೇರೆಯವರ ತಟ್ಟೆಗೆ ಕೈ ಹಾಕಿದಷ್ಟೇ ಅಸಹ್ಯ. ಹಾಲುಹಲ್ಲು ಬೀಳುವ ಮೊದಲೇ ಮಕ್ಕಳಿಗೆ ಇದನ್ನು ಕಲಿಸುತ್ತೇವೆ. ನಾನೂ ಕಲಿಸಿದ್ದೇನೆ.

ಬಿಸಿಗಾಳಿ ಒಳಗೆ ಬಾರದಂತೆ ಮೇಲಿನ ಬಾಗಿಲನ್ನು ಮೂರು ಬೇಸಿಗೆ ಮುಚ್ಚಿಡುವ ಬಗ್ಗೆ ಇವತ್ತು ಸಂಜೆ ಊರಿನ ಮತದಾನ ಇತ್ತು. ನಿರ್ಣಯದ ಪಾಠ ಹೋದ ವಾರವೇ ಎಲ್ಲರ ಹಾಳೆಗೂ ಬಂದಿತ್ತು. ಬೆಳಿಗ್ಗೆ ತಂಗಿ ಸುಗುಣ ಬಂದವಳು ನನ್ನ ಜೊತೆ ಜಗಳಕ್ಕೆ ಇಳಿದಳು.

"ಎಂ.ಎ. ಮಾಡಿ, ಪದ್ಯ ಓದೀ ಓದೀ ನಿಂಗೆ ಇಲ್ಲದ್ದೆಲ್ಲ ಕಾಣ್ಸುತ್ತೆ ಅಕ್ಕ. 'ಮೇಲಿನವರು ಮೇಲೆಯೇ ಉಳಿಯಲು ಒಪ್ಪಿದ್ದಾರೆ' ಅಂತ ನೆಟ್ಟಗೆ ಬರ್ದಿದೆ."

"ಮುಖ ತೊಳ್ಕೊಂಡು ಬಾ ಹೋಗೇ. 'ಮೇಲಿನವರು ಎಲ್ಲರೂ ಕೆಳಗಿಳಿದ ನಂತರ' ಅಂತಿದೆ. ನನ್ನ ಮಗಳನ್ನ ಬಿಸಿಲಲ್ಲಿ ಬಿಟ್ಟು ಬಾಗಿಲು ಹಾಕ್ಕೊಳೋಕೆ ನಾನು ಒಪ್ತೀನಾ?"

ಸಾಲಿಗೆ ಬೆರಳಿಟ್ಟೇ ತೋರಿಸುತ್ತೇನೆಂದು ಸಿಟ್ಟಿನಲ್ಲಿ ಅವಳ ಬೆನ್ನ ಹಿಂದೆ ಹೋಗಿ ಬಗ್ಗಿದೆ. ಆಗ ಕಂಡದ್ದನ್ನು ಹೇಗೆ ಹೇಳಲಿ? ಒಗ್ಗರಣೆಯ ಸಾಸಿವೆಯ ಹಾಗೆ ಹಾಳೆಯ ತುಂಬ ಮಸುಕು ಅಕ್ಷರಗಳು ಸಿಡಿಯುತ್ತಿದ್ದವು. ಅವಳ ಕಣ್ಣು ನಿಂತ ಒಂದು ಪದ ಮಾತ್ರ ಅಲುಗದೆ ಇತ್ತು. ಕಣ್ಣು ಹಾರಿತು, ಇಳಿಯುವಷ್ಟರಲ್ಲಿ ಮುಂದಿನ ಪದ ಸಜ್ಜಾಗಿತ್ತು. ಅನುಮಾನ ಬಂದು ಅವಳು ಆಗಲೇ ಓದಿದ ಪದಕ್ಕೆ ಮತ್ತೆ ಕಣ್ಣು ಹಾಯಿಸಿದಳು. 'ಒಪ್ಪಿದ್ದಾರೆ' ಇದ್ದದ್ದು ಅಷ್ಟರಲ್ಲಿ 'ಸಂತೋಷದಿಂದ ಒಪ್ಪಿದ್ದಾರೆ' ಆಗಿತ್ತು.

"ಸುಗುಣ, ನಿನ್ನ ಹಾಳೆ ಕುದೀತಿದೆ ಕಣೇ!"

"ಥೂ, ನನ್ನ ಹಾಳೆ ನೋಡ್ತೀಯಲ್ಲ, ನಾಚ್ಕೆ ಆಗಲ್ವಾ? ಎಲ್ಲಿ ಕುದೀತಿದೆ? ಕಲ್ಲಲ್ಲಿ ಕೆತ್ತಿದ ಹಾಗಿದೆ."

ಅವಳನ್ನು ಬಲವಂತದಿಂದ ಎಬ್ಬಿಸಿ ನನ್ನ ಹಿಂದೆ ನಿಲ್ಲಿಸಿಕೊಂಡು ನನ್ನ ಹಾಳೆ ಓದಿದೆ. ನನಗೆ ಎಲ್ಲವೂ ಶಾಂತವಾಗಿ ಕಂಡಿತು. ನನ್ನ ಭುಜದಲ್ಲಿ ಅವಳ ಉಗುರು ಊರಿತು. "ಅಕ್ಕಾ, ಸಾಕು, ಮುಚ್ಚು ಅದನ್ನ" ಎಂದಳು.

ಇಪ್ಪತ್ತೈದು ವರ್ಷಗಳಿಂದ ನಾನು ಕವಿತೆಗಳನ್ನು ಓದಿದ್ದು ಇದೇ ಹಾಳೆಯಲ್ಲಿ. ಕಷ್ಟಕಾಲದಲ್ಲಿ ಕೈಹಿಡಿದ ಸಾಲುಗಳನ್ನು ಕವಿ ಬರೆದಿದ್ದನೋ, ಹಾಳೆ ನನ್ನ ಕಣ್ಣು ನೋಡಿ ಹೊಂದಿಸಿತ್ತೋ, ಇನ್ನು ಯಾರನ್ನು ಕೇಳುವುದು?

ಸಂಜೆಯ ಸಭೆಯಲ್ಲಿ ಪಕ್ಕದವರ ಹಾಳೆ ಇಣುಕಿ ನೋಡಿ ಎಂದರೆ ಜನ ಹೊಡೆಯಲು ಬರುತ್ತಿದ್ದರು. ಅದಕ್ಕೆ ಸುಗುಣಳೇ ಎದ್ದು, ನಾವು ಜಗಳವಾಡಿದ್ದ ಮೂರನೆಯ ಸಾಲನ್ನು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದೋಣ ಎಂದಳು. ಮೊದಲ ಪದ ಒಂದೇ ದನಿಯಲ್ಲಿ ಹೊರಟಿತು. ಎರಡನೆಯದಕ್ಕೇ ಒಡೆಯಿತು. ಗಂಡ ಒಂದು, ಹೆಂಡತಿ ಒಂದು, ಪಕ್ಕದ ಮನೆಯವರು ಮತ್ತೊಂದು ಓದುತ್ತಿದ್ದರು. ಸಾಲು ಮುಗಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಊರಿನ ಹಿರಿಯ ಚೌಡಪ್ಪನವರನ್ನು ಮೂಲಪಾಠ ಯಾವುದೆಂದು ಕೇಳಿದೆ. ಅವರು ತಮ್ಮ ಹಾಳೆಯನ್ನು ಮಗುಚಿಟ್ಟರು. "ಮೂಲ ಅಂತ ಒಂದಿಲ್ಲ ಕಣಮ್ಮ. ಎಲ್ರೂ ಬೇಗ ಒಪ್ಕೊಳೋ ಹಾಗೆ ಬರಿ ಅಂತ ಹಾಳೆಗೇ ಹೇಳಿದ್ವಿ. ನಾನು ಓದಿದ್ದೇ ಎಲ್ರಿಗೂ ಬಂದಿದೆ ಅಂದ್ಕೊಂಡಿದ್ದೆ."

ಮತದಾನ ಅಲ್ಲಿಗೇ ನಿಂತಿತು. ಹತ್ತು ಜನ ಹೋಗಿ ತೆರೆದ ಬಾಗಿಲಿನ ಸಂದಿಗೆ ಕಲ್ಲು ಉರುಳಿಸಿಟ್ಟು ಬಂದರು. ಸದ್ಯಕ್ಕೆ ಅದು ಮುಚ್ಚುವುದಿಲ್ಲ.

ಸುದ್ದಿ ಕೇಳಿ ಯಾಮಿನಿ ಓಡಿ ಬಂದಳು. ಹೋದ ಸಲ ಬಂದಾಗ ಅವಳು ಎಣ್ಣೆ ಬೇಡವೆಂದು, ಅರ್ಧ ಊಟಕ್ಕೇ ಎದ್ದು, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋಗಿದ್ದಳು. ಆಯಾಸವಿರಬೇಕು ಎಂದುಕೊಂಡಿದ್ದೆ. ನಿನ್ನ ಹಾಳೆಯಲ್ಲಿ ಏನಿತ್ತು ಮಗಳೇ ಎಂದು ಈಗ ಕೇಳಿದೆ.

"ನಮ್ಮನೆಯವರೆಲ್ಲ ಆಗ್ಲೇ ಒಪ್ಪಿಗೆ ಕೊಟ್ಟಿದ್ದಾರೆ ಅಂತಿತ್ತು ಅಮ್ಮ. ನಿನ್ನ ಹೆಸರೂ ಇತ್ತು. ಅದಕ್ಕೇ ಏನೂ ಕೇಳ್ಲಿಲ್ಲ."

ನನ್ನ ಹೆಸರನ್ನು ಓದಿದವಳು ಅದೇ ದಿನ ನನ್ನ ಕೈಯಡುಗೆ ಉಂಡು, ನನ್ನನ್ನು ಬೈಯದೆ ಮೆಟ್ಟಿಲು ಹತ್ತಿದ್ದಳು.

ಹಿಂದಿನವರೇ, ನೀವು ಏನು ಕಂಡುಹಿಡಿಯಬೇಕು, ಏನು ಬಿಡಬೇಕು ಎಂದು ಹೇಳುವಷ್ಟು ತಿಳಿದವಳು ನಾನಲ್ಲ. ಆದರೆ ನೀವು ಓದಿದ್ದು ಪ್ರೀತಿಪಾತ್ರರೊಬ್ಬರ ಬಗ್ಗೆಯಾಗಿದ್ದರೆ, ಅವರ ಎದುರು ಕೂತು ಒಮ್ಮೆ ಬಾಯಿಬಿಟ್ಟು ಓದಿ. ಅವರು ತಡೆದು, ನಾನು ಹಾಗೆ ಹೇಳಿಲ್ಲ ಎನ್ನಲು ಒಂದು ಅವಕಾಶ ಕೊಡಿ.

ಯಾಮಿನಿಯ ತಾಯಿ,
ಚಂಪಕಾ