ಬುಧವಾರದ ಉದ್ದನೆಯ ಹಾಡು

ರೇಡಿಯೋದಲ್ಲಿ ಹಳೇ ರಾಕ್ ಹಾಡು ಹಾಕುವ ಹುಡುಗನಿಗೆ,

ಹಾಡಿದ್ದೇ ಹಾಡೋ ಕಿಸುಬಾಯಿ ದಾಸ ಅಂತಾರಲ್ಲ, ಅದು ನೀನೇ ಕಣಪ್ಪ. ದಿನಾ ಅವೇ ಹತ್ತು ಹಾಡು ಹಾಕೋಕೆ ನಾಚಿಕೆ ಆಗೋದಿಲ್ವಾ? ನಮ್ಮದು ಇಸ್ತ್ರಿ ಅಂಗಡಿ. ಅವು ಶುರುವಾದರೆ ನಮ್ಮ ಯಜಮಾನರು "ಬಂತು ನೋಡೇ, ಹಳಸಿದ್ದು" ಅಂತ ರೇಡಿಯೋ ಬಾಯಿ ಮುಚ್ಚಿಸುತ್ತಾರೆ.

ಆದರೆ ಹೋದ ಬುಧವಾರ ಕಂಪ್ಯೂಟರ್ ಕೆಟ್ಟಿದೆ ಅಂತ ನಿನ್ನ ಮನೆಯ ರೆಕಾರ್ಡು ತಂದು ಹಾಕಿದೆಯಲ್ಲ, ಆ ಉದ್ದನೆಯ ಹಾಡು! ನಾವು ಎಂದೂ ಕೇಳದ್ದು. ಡ್ರಮ್ಮು ಶುರುವಾಗಿದ್ದೇ ತಡ, ಮಂಡಿನೋವಿನ ನಮ್ಮ ಮುದುಕರು ಇಸ್ತ್ರಿಪೆಟ್ಟಿಗೆ ಬಿಟ್ಟು ನನ್ನ ಕೈ ಹಿಡಿದು ಕುಣಿದೇಬಿಟ್ಟರು. ಒಂದು ಅಂಗಿಯ ಕಾಲರ್ ಸುಟ್ಟಿತು. ಅಂಗಿಯವನು ಬೈಯೋದು ಬಿಟ್ಟು ಬಾಗಿಲಲ್ಲೇ ಚಪ್ಪಾಳೆ ತಟ್ಟಿದ. ಆ ಗಲಾಟೆಯಲ್ಲಿ ಹಾಡಿನ ಹೆಸರು ಕೇಳಿಸಲಿಲ್ಲ.

ಈಗ ಕಂಪ್ಯೂಟರ್ ಸರಿಹೋಗಿ ಮತ್ತೆ ಅವೇ ಹತ್ತು! ಬರುವ ತಿಂಗಳು ಇವರಿಗೆ ಮಂಡಿ ಆಪರೇಷನ್. ಅಷ್ಟರೊಳಗೆ ಇನ್ನೊಂದು ಸಲ ಕುಣಿಯಬೇಕಂತೆ. ನನಗೂ ಬೇಡ ಅಂತೇನಿಲ್ಲ. ಮನೆಯಲ್ಲಿ ಅಂಥ ರೆಕಾರ್ಡು ಎಷ್ಟಿವೆಯೋ ಅಷ್ಟೂ ಹೊತ್ತು ತಾ. ನಿಮ್ಮ ಸಾಹೇಬರು ತಕರಾರು ತೆಗೆದರೆ ನನ್ನ ಹತ್ತಿರ ಕಳಿಸು.

ಯಾವತ್ತು, ಎಷ್ಟು ಹೊತ್ತಿಗೆ ಹಾಕುತ್ತೀಯ ಅಂತ ತಿಂಗಳು ಹುಟ್ಟೋದರೊಳಗೆ ಬರೆದು ತಿಳಿಸು.

ಇಂತಿ,
ಇಸ್ತ್ರಿ ಅಂಗಡಿ ಅಜ್ಜಿ