ದನಿಗೆ ಬಿಟ್ಟ ಜಾಗ

ಮಾರ್ಚ್ ೧೪, ಗುರುವಾರ. ದೊಡ್ಡಮ್ಮನ ಹಾಡನ್ನು ನಾಳೆ ಧ್ವನಿಮುದ್ರಣ ಕೋರ್ಸಿನ ಅಂತಿಮ ಪರೀಕ್ಷೆಗೆ ಯಾವ ರೂಪದಲ್ಲಿ ಒಪ್ಪಿಸಬೇಕೆಂದು ತೀರ್ಮಾನಿಸುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬೆಳಗಿನ ಮೊದಲ ಧ್ವನಿಮುದ್ರಣ ಕೆಟ್ಟದ್ದು ನನ್ನಿಂದ, ಮೂರು ವರ್ಷವೂ ತರಗತಿಗೆ ಮೊದಲಿಗಳಾದ ನನ್ನಿಂದ. ದನಿಯ ಮಟ್ಟ ನೋಡಲು ಒಂದು ಸಾಲು ಹಾಡಿ ಎಂದಾಗ ದೊಡ್ಡಮ್ಮ ಸಂಕೋಚದಿಂದ ಗುನುಗಿದರು. ನಾನು ಆ ಗುನುಗಿಗೆ ತಕ್ಕಂತೆ ಮೈಕಿನ ಮಟ್ಟವನ್ನು ಏರಿಸಿಟ್ಟೆ. ಹಾಡು ಏರಿದಾಗ ಅವರು ಎದೆ ತುಂಬಿ ದನಿ ತೆಗೆದರು. ಪರದೆಯ ಮೇಲೆ ದನಿಯ ಅಲೆಗಳ ನೆತ್ತಿಯೆಲ್ಲ ಕತ್ತರಿಸಿದಂತೆ ಚಪ್ಪಟೆಯಾಯಿತು. ಕೇಳಿದರೆ ಬರೀ ಕರ್ಕಶ.

"ನಾನು ಕೂಗಿದ್ದು ಜಾಸ್ತಿ ಆಯ್ತೇನೇ?"

"ಇಲ್ಲ ದೊಡ್ಡಮ್ಮ, ದನಿ ಏರೋಕೆ ನಾನೇ ಮೇಲೆ ಜಾಗ ಬಿಟ್ಟಿರಲಿಲ್ಲ."

"ಅಯ್ಯೋ ಜಾಣೆ! ಹಾಲು ಕಾಯಿಸೋಕೆ ಪಾತ್ರೆ ಕಂಠಮಟ್ಟ ತುಂಬಬಾರದು ಅಂತ ನನಗೇ ಗೊತ್ತು."

ಮಟ್ಟ ತಗ್ಗಿಸಿ ಮತ್ತೆ ಹಾಡಿಸಿದೆ. ಅದನ್ನೇ ಈಗ ಹೆಡ್‌ಫೋನಿನಲ್ಲಿ ಐದನೆಯ ಬಾರಿ ಕೇಳುತ್ತಿದ್ದೇನೆ. ಪಿಸುಮಾತಿನಂಥ ಮೊದಲ ಸಾಲು, ಬಳಿಕ ಉಸಿರೆಳೆದುಕೊಂಡ ಸದ್ದು, ಆಮೇಲೆ ಗೋಡೆಗಳನ್ನೇ ಹಿಂದಕ್ಕೆ ಸರಿಸುವ ಆ ದನಿ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಒಂದು ಪುಟ್ಟ ಗಂಟಲಿನಲ್ಲಿ ಇಷ್ಟು ದೂರ ಹೇಗೆ ಅಡಗಿತ್ತು? ಒಂದೇ ಮನೆಯಲ್ಲಿ ಬೆಳೆದ ನಾನು ಇಷ್ಟು ವರ್ಷ ಕೇಳಿದ್ದು ಅಡುಗೆಮನೆಯ ಗುನುಗು ಮಾತ್ರ.

ಸಂಜೆ ನಮ್ಮ ಮೇಷ್ಟ್ರು ಕೇಳಿ ಒಪ್ಪದೆ ತಲೆಯಾಡಿಸಿದರು. "ಶುರು ತುಂಬಾ ಮೆಲ್ಲಗಿದೆಯಮ್ಮ. ಅದನ್ನ ಎತ್ತು, ಮೇಲಿನದನ್ನ ಅದುಮು, ಎಲ್ಲಾ ಒಂದೇ ಮಟ್ಟಕ್ಕೆ ತಾ. ಇಲ್ಲದಿದ್ರೆ ಮೊದಲ ಸ್ಥಾನ ಕೈತಪ್ಪುತ್ತೆ ನೋಡು."

ನಾನು ಅದನ್ನು ಮಾಡುವುದಿಲ್ಲ. ದೊಡ್ಡಮ್ಮ ಹಾಡಿದ ಹಾಗೆಯೇ ಒಪ್ಪಿಸುತ್ತೇನೆ.